ಕುಕ್ ಕೌಂಟಿಯ ಹಾವು ಕಪ್ಪೆಗಳ ಪಟ್ಟಿ

ಒಂದು ನಾಡಿನ ಚರಿತ್ರೆಯನ್ನು ಬರೆಯಹೊರಟವರು ಶಾಸನಗಳನ್ನು ಓದುವರು, ಕಡತಗಳನ್ನು ಬಿಚ್ಚುವರು, ಹಾಳುಬಿದ್ದ ಕೋಟೆ ಗುಡಿಗಳನ್ನು ಅಳೆಯುವರು. ಆ ನಾಡಿನ ಜೌಗಿನಲ್ಲಿ ಯಾವ ಕಪ್ಪೆ ಕೂಗುತ್ತಿದ್ದಿತು, ಅಲ್ಲಿಯ ಹುಲ್ಲಿನಲ್ಲಿ ಯಾವ ಹಾವು ಹರಿಯುತ್ತಿದ್ದಿತು ಎಂಬುದನ್ನು ವಿಚಾರಿಸುವವರು ವಿರಳ. ವಿಚಾರಿಸಿದರೂ ಉತ್ತರ ಕೊಡತಕ್ಕ ಆಧಾರಗಳು ಬಹು ಕಡೆಗಳಲ್ಲಿ ದೊರೆಯಲಾರವು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮಧ್ಯಪಶ್ಚಿಮವೆಂದು ಕರೆಯಿಸಿಕೊಳ್ಳುವ ವಿಶಾಲವಾದ ಬಯಲುಸೀಮೆಯಲ್ಲಿ ಅಂತಹ ಆಧಾರಗಳು ಒಂದು ಮಟ್ಟಿಗೆ ಉಳಿದುಬಂದಿವೆ. ಅವುಗಳಲ್ಲಿ ಹಳೆಯದೂ ಗಮನಾರ್ಹವೂ ಆದುದೊಂದು, ೧೮೫೫ರಲ್ಲಿ ಅಚ್ಚಾದ ಇಲಿನಾಯ್ ಸಂಸ್ಥಾನದ ಕುಕ್ ಕೌಂಟಿಯ ಪ್ರಾಣಿಗಳ ಪಟ್ಟಿ. ಅದನ್ನು ಸಿದ್ಧಪಡಿಸಿದವನು ರಾಬರ್ಟ್ ಕೆನಿಕಟ್ಟನೆಂಬ, ಇಪ್ಪತ್ತರ ಹೊಸ್ತಿಲಲ್ಲಿದ್ದ ತರುಣ. ಇಪ್ಪತ್ತು ಪುಟಗಳನ್ನು ಮೀರದ ಈ ಬರಹ ಸಾಹಿತ್ಯವಲ್ಲ, ಶಾಸ್ತ್ರಗ್ರಂಥವೂ ಅಲ್ಲ. ಆದರೂ ಆ ಸೀಮೆ ನಗರವಾಗಿ ಮಾರ್ಪಡುವುದಕ್ಕೆ ಮೊದಲು ಅಲ್ಲಿ ಏನೇನು ಜೀವಿಸಿದ್ದಿತು ಎಂಬುದಕ್ಕೆ ಅದು ಪ್ರತ್ಯಕ್ಷಸಾಕ್ಷಿ. ಸಾಕ್ಷಿಯಾದುದರಿಂದಲೇ ಅದನ್ನು ಎಷ್ಟರಮಟ್ಟಿಗೆ ನಂಬಬೇಕು, ಯಾವ ಬಗೆಯಲ್ಲಿ ಓದಬೇಕು ಎಂಬ ಪ್ರಶ್ನೆಗಳೂ ಏಳುತ್ತವೆ. ಪ್ರಾಚೀನ ಗ್ರಂಥಗಳ ಪಾಠವನ್ನು ಶೋಧಿಸುವವರಿಗೆ ಈ ಪ್ರಶ್ನೆಗಳು ಹೊಸವಲ್ಲ.

ಕೌಂಟಿಯೆಂಬುದು ಕಂದಾಯ, ನ್ಯಾಯ, ರಸ್ತೆ ಮೊದಲಾದ ಕಾರ್ಯಗಳಿಗಾಗಿ ಮಾಡಿಕೊಂಡ ವಿಭಾಗ. ವಿಸ್ತಾರದಲ್ಲಿ ಕನ್ನಡನಾಡಿನ ಒಂದೆರಡು ತಾಲ್ಲೂಕುಗಳಷ್ಟಿರುವುದು. ಇಲಿನಾಯಿಯಲ್ಲಿ ಇಂತಹವು ೧೦೨ ಇವೆ. ಕುಕ್ ಕೌಂಟಿ ಏರ್ಪಟ್ಟುದು ೧೮೩೧ರಲ್ಲಿ. ಆ ಸೀಮೆಯ ನೆಲವನ್ನು ಮಾರುವುದಕ್ಕೆ ಮುಂಚೆಯೇ ಸರ್ಕಾರದ ಮೋಜಣಿದಾರರು ಸರಪಣಿ ಹಿಡಿದು ಅದನ್ನು ಚೌಕಗಳಾಗಿ ಅಳೆದಿದ್ದರು: ಆರು ಮೈಲಿ ಉದ್ದ ಆರು ಮೈಲಿ ಅಗಲದ ಚೌಕಕ್ಕೆ ಟೌನ್‌ಷಿಪ್ ಎಂದೂ, ಅದರೊಳಗಣ ೩೬ ಸಣ್ಣ ಚೌಕಗಳಲ್ಲಿ ಒಂದೊಂದಕ್ಕೆ ಸೆಕ್ಷನ್ ಎಂದೂ ಹೆಸರು. ಒಂದು ಸೆಕ್ಷನ್ನಿಗೆ ೬೪೦ ಎಕರೆ. ೧೭೮೫ರ ಭೂಶಾಸನದಿಂದ ಹೊರಟ ಈ ಪದ್ಧತಿ ಒಕ್ಕಲಿಗನಿಗೆ ಹೊಲದ ಎಲ್ಲೆಯನ್ನು ಗೊತ್ತುಮಾಡಿಕೊಟ್ಟಂತೆ ಪ್ರಾಣಿಶಾಸ್ತ್ರಜ್ಞನಿಗೆ ಊರು ಕೇರಿಗಳಿಲ್ಲದ ಬಯಲಿನಲ್ಲಿಯೂ ಸ್ಥಳನಿರ್ದೇಶ ಮಾಡುವ ಉಪಾಯವನ್ನು ಒದಗಿಸಿತು. ಹಾವಿಗೂ ಕಪ್ಪೆಗೂ ಕೌಂಟಿಯ ಎಲ್ಲೆ ತಿಳಿಯದು. ಆದರೂ ಇಂದಿಗೂ ಆ ದೇಶದ ವಿದ್ವಾಂಸರು ಒಂದು ಪ್ರಾಣಿ ಇಂತಹ ಕೌಂಟಿಯಲ್ಲಿ ಮೊತ್ತಮೊದಲು ಕಂಡುಬಂದಿತೆಂದು ಪ್ರಕಟಿಸುವುದನ್ನು ಒಂದು ಗಣನೀಯ ಕಾರ್ಯವೆಂದೇ ಭಾವಿಸುತ್ತಾರೆ. ದಾಖಲೆಗೆ ಒಂದು ಪಾತ್ರೆ ಬೇಕು. ಅಲ್ಲಿ ದೊರೆತ ಪಾತ್ರೆ ಕಂದಾಯದ ವಿಭಾಗ.

ಕೆನಿಕಟ್ಟನಿಗೆ ಮುಂಚೆಯೂ ಆ ಪ್ರಾಂತದಲ್ಲಿ ಬರೆದವರುಂಟು. ಇಂಡಿಯಾನ ಸಂಸ್ಥಾನದ ಪೋಸಿ ಕೌಂಟಿಯಲ್ಲಿ ವಾಬಾಷ್ ನದಿಯ ದಡದ ಮೇಲಿರುವ ನ್ಯೂ ಹಾರ್ಮನಿ ಎಂಬ ಸಣ್ಣ ಊರಿಗೆ ೧೮೨೬ರಲ್ಲಿ ವಿದ್ವಾಂಸರ ತಂಡವೊಂದು ದೋಣಿಯಲ್ಲಿ ಬಂದಿಳಿಯಿತು. ಅವರಲ್ಲೊಬ್ಬನಾದ ಫ್ರಾನ್ಸಿನ ಚಿತ್ರಕಾರ ಲಸೂರನು ಮರುವರ್ಷವೇ ಆ ನದಿಯ ಮೃದುಚಿಪ್ಪಿನ ಆಮೆಯನ್ನು ಹೆಸರಿಟ್ಟು ವರ್ಣಿಸಿದನು. ಜರ್ಮನಿಯ ವೀಡಿನ ರಾಜಕುಮಾರ ಮ್ಯಾಕ್ಸಿಮಿಲಿಯನ್ನನು ೧೮೩೨–೩೩ರ ಚಳಿಗಾಲವನ್ನು ಅದೇ ಊರಿನಲ್ಲಿ ಕಳೆದನು. ಒಹಾಯೋ ಸಂಸ್ಥಾನದಲ್ಲಿ ಡಾಕ್ಟರ್ ಜೇರೆಡ್ ಪಾಟರ್ ಕರ್ಟ್‌ಲೆಂಡನು ೧೮೩೮ರಲ್ಲಿ ಇಡೀ ಸಂಸ್ಥಾನದ ಪ್ರಾಣಿಗಳ ವರದಿಯೊಂದನ್ನು ಸರ್ಕಾರಕ್ಕೆ ಒಪ್ಪಿಸಿದನು. ಆದರೆ ಇವರಲ್ಲಿ ಮೊದಲಿನವರು ದೂರದಿಂದ ಬಂದು ಹೋದವರು. ಕರ್ಟ್‌ಲೆಂಡನ ವರದಿ ಒಂದು ದೊಡ್ಡ ಸಂಸ್ಥಾನಕ್ಕೆಲ್ಲ ಸಂಬಂಧಿಸಿದುದು. ತಾನು ಬೆಳೆದ ನೆಲದ ಮೇಲೆ ನಿಂತು, ಆ ನೆಲದ ಎಲ್ಲೆಯೊಳಗೆ ಕಂಡುದನ್ನು ಮಾತ್ರ ಬರೆಯುವ ಕಾರ್ಯ ಬೇರೆ ಬಗೆಯದು.

ಕೆನಿಕಟ್ಟನು ಹುಟ್ಟಿದುದು ೧೮೩೫ರ ನವೆಂಬರಿನಲ್ಲಿ, ನ್ಯೂ ಆರ್ಲಿಯನ್ಸಿನಲ್ಲಿ. ಮರುವರ್ಷ ಅವನ ತಂದೆ ಡಾಕ್ಟರ್ ಜಾನ್ ಕೆನಿಕಟ್ಟನು ಕುಟುಂಬದೊಡನೆ ಷಿಕಾಗೋ ಊರಿಗೆ ಸುಮಾರು ಇಪ್ಪತ್ತು ಮೈಲಿ ವಾಯವ್ಯದಲ್ಲಿ, ಪ್ರೇರಿಯೆಂಬ ಹುಲ್ಲುಬಯಲಿನ ನಡುವೆ ಇದ್ದ ಮರಗಳ ತೋಪೊಂದರಲ್ಲಿ ನೆಲಸಿದನು. ತೋಪಿಗೆ ‘ದ ಗ್ರೋವ್’ ಎಂದೇ ಹೆಸರಾಯಿತು. ಅಂಚೆಯ ವಿಳಾಸ ವೆಸ್ಟ್ ನಾರ್ತ್‌ಫೀಲ್ಡ್. ತಂದೆ ಕುದುರೆಯೇರಿ ಬಯಲಿನ ಮನೆಗಳಿಗೆಲ್ಲ ವೈದ್ಯ ಮಾಡಿಕೊಂಡು, ಜೊತೆಗೆ ಹಣ್ಣಿನ ಸಸಿಗಳ ದೊಡ್ಡ ತೋಟವೊಂದನ್ನು ನಡೆಯಿಸುತ್ತ, ತೋಟಗಾರಿಕೆಯ ವಿಷಯವಾಗಿ ಪತ್ರಿಕೆಗಳಿಗೆ ಬರೆಯುತ್ತಿದ್ದನು. ಮಗನು ಬಾಲ್ಯದಿಂದ ರೋಗಿಷ್ಠ. ಶಾಲೆಯ ಓದು ಹೆಚ್ಚಾಗಿ ನಡೆಯಲಿಲ್ಲ. ಹೊರಗಿನ ಗಾಳಿ ಹಿತವೆಂದು ತಂದೆ ಅವನನ್ನು ಬಯಲಿಗೆ ಬಿಟ್ಟನು. ೧೮೫೨ರ ವೇಳೆಗೆ ಅವನನ್ನು ಕ್ಲೀವ್‌ಲೆಂಡಿನ ಬಳಿ ಕರ್ಟ್‌ಲೆಂಡನ ಹತ್ತಿರ ಕಲಿಯಲು ಕಳುಹಿಸಲಾಯಿತು. ಮಿಷಿಗನ್ ಸರೋವರದ ದಡದ ರಸೀನ್ ಊರಿನ ವೈದ್ಯ ಡಾಕ್ಟರ್ ಹಾಯನೂ ಅವನಿಗೆ ಗುರುವಾದನು. ಈ ಇಬ್ಬರೂ ಗುರುಗಳು ವೈದ್ಯವೃತ್ತಿಯಲ್ಲಿದ್ದು ಬಿಡುವಿನಲ್ಲಿ ಪ್ರಾಣಿಶಾಸ್ತ್ರವನ್ನು ಸಾಧಿಸಿದವರು. ವಿಶ್ವವಿದ್ಯಾನಿಲಯಗಳು ಆ ಕಾರ್ಯವನ್ನು ಕೈಗೊಳ್ಳುವುದಕ್ಕೆ ಮುಂಚೆ ಆ ಸೀಮೆಯಲ್ಲಿ ಅದು ಬಹುಮಟ್ಟಿಗೆ ವೈದ್ಯರ ಕೈಯಲ್ಲಿದ್ದಿತೆಂಬುದನ್ನು ಇಲ್ಲಿ ನೆನೆಯಬಹುದು.

ಇಲ್ಲಿ ಇನ್ನೊಂದು ಸಂಗತಿಯನ್ನು ಬಿಡಲಾಗದು. ಕೆನಿಕಟ್ ಮನೆತನದವರು ಬಂದ ನೆಲ ಬರಿದಾಗಿದ್ದ ನೆಲವಲ್ಲ. ಅಲ್ಲಿ ಪಟವಾಟಮಿ ಜನರು ನೆಲಸಿದ್ದರು. ೧೮೩೩ರ ಷಿಕಾಗೋ ಒಡಂಬಡಿಕೆಯ ಮೇರೆಗೆ ಅವರು ಮಿಷಿಗನ್ ಸರೋವರದ ಪಶ್ಚಿಮದಲ್ಲಿ ಉಳಿದಿದ್ದ ತಮ್ಮ ನೆಲವನ್ನು ಬಿಟ್ಟುಕೊಟ್ಟು, ಮುಂದಿನ ಕೆಲವು ವರ್ಷಗಳಲ್ಲಿ ಮಿಸಿಸಿಪಿಯ ಆಚೆಗೆ ತೆರಳಬೇಕಾಯಿತು. ಆ ಜೌಗುಗಳ ಕಪ್ಪೆ ಆಮೆಗಳಿಗೆ ಅವರ ಭಾಷೆಯಲ್ಲಿ ಹೆಸರುಗಳಿದ್ದುವು. ಯಾವ ಹಾವು ಎಲ್ಲಿರುವುದೆಂಬ ತಿಳಿವಳಿಕೆಯೂ ಇದ್ದಿತು. ಆ ತಿಳಿವಳಿಕೆಯನ್ನು ಅಂದು ಯಾರೂ ಪಟ್ಟಿಮಾಡಲಿಲ್ಲ. ಬಯಲಿನ ಗಿಲಕಿಹಾವಿಗೆ ಇಂಗ್ಲಿಷಿನಲ್ಲಿ ನಿಂತಿರುವ ‘ಮ್ಯಾಸಸಾಗ’ ಎಂಬ ಹೆಸರು ಪಟವಾಟಮಿಗಳ ಬಂಧುಗಳಾದ ಒಜಿಬ್ವೆ ಜನರ ಮಾತಿನಿಂದ ಬಂದುದು. ದೊಡ್ಡ ನದಿಯ ಮುಖವೆಂದು ಅದರ ಅರ್ಥ. ಕೆನಿಕಟ್ಟನ ಪಟ್ಟಿಯನ್ನು ಆರಂಭವೆಂದು ಕರೆಯುವವರು ಬರಹದ ಆರಂಭವನ್ನಷ್ಟೇ ಹೇಳುತ್ತಿದ್ದಾರೆ.

ಪಟ್ಟಿ ಹೊರಬಂದುದು ವಿದ್ವತ್ಸಭೆಯ ಪತ್ರಿಕೆಯಲ್ಲಲ್ಲ; ಇಲಿನಾಯ್ ಸಂಸ್ಥಾನದ ವ್ಯವಸಾಯ ಸಂಘದ ಕಾರ್ಯಕಲಾಪಗಳ ಮೊದಲನೆಯ ಸಂಪುಟದಲ್ಲಿ. ಅದೇ ಸಂಪುಟವನ್ನು ಬಿಚ್ಚಿದ ಒಕ್ಕಲಿಗನು ತನ್ನ ಹೊಲದ ಸಸ್ತನಿಗಳ, ಹಕ್ಕಿಗಳ, ಸರೀಸೃಪಗಳ ಹೆಸರುಗಳನ್ನು ಕಾಣುತ್ತಿದ್ದನು. ಈ ಪ್ರಕಟಣೆಯ ಸ್ಥಳ ಆಕಸ್ಮಿಕವಲ್ಲ. ಹೊಲಕ್ಕೆ ಯಾವ ಪ್ರಾಣಿ ಮಿತ್ರ, ಯಾವುದು ಶತ್ರು ಎಂಬ ವಿವೇಚನೆಯನ್ನು ಒಕ್ಕಲಿಗನಿಗೆ ಕಲಿಸಬೇಕೆಂಬ ಉದ್ದೇಶ ಕೆನಿಕಟ್ಟನಿಗೆ ಇದ್ದಿತು. ಮುಂದೆ ಇಲಿನಾಯಿಯ ಚತುಷ್ಪಾದಿಗಳಿಂದ ವ್ಯವಸಾಯಕ್ಕೆ ಆಗುವ ಹಾನಿ ಲಾಭಗಳನ್ನು ಕುರಿತು ಅವನು ಬರೆದ ಲೇಖನಮಾಲೆಯನ್ನು ಕೇಂದ್ರ ಸರ್ಕಾರವೇ ಪ್ರಕಟಿಸಿತು.

ಪಟ್ಟಿಯ ಶೀರ್ಷಿಕೆಯನ್ನು ಗಮನಿಸಬೇಕು. ‘ಕುಕ್ ಕೌಂಟಿಯಲ್ಲಿ ಕಂಡುಬಂದ ಪ್ರಾಣಿಗಳ ಪಟ್ಟಿ’ ಎಂದಿದೆಯೇ ಹೊರತು ಕುಕ್ ಕೌಂಟಿಯ ಪ್ರಾಣಿಗಳ ಪಟ್ಟಿ ಎಂದಿಲ್ಲ. ‘ಕಂಡುಬಂದ’ ಎಂಬ ಈ ಒಂದು ವಿಶೇಷಣದಲ್ಲಿ ಬರೆದವನ ಪ್ರಾಮಾಣಿಕತೆಯೂ ಓದುವವನಿಗೆ ಎಚ್ಚರಿಕೆಯೂ ಅಡಗಿವೆ. ಪಟ್ಟಿಯಲ್ಲಿ ಹೆಸರಿದ್ದರೆ ಪ್ರಾಣಿ ಇದ್ದಿತೆಂದು ಹೇಳಬಹುದು, ಗುರುತಿಸಿದವನು ತಪ್ಪದಿದ್ದ ಪಕ್ಷದಲ್ಲಿ. ಹೆಸರಿಲ್ಲದಿದ್ದರೆ ಪ್ರಾಣಿ ಇರಲಿಲ್ಲವೆಂದು ಹೇಳಲು ಬಾರದು. ಕವಿಚರಿತೆಯನ್ನು ಬರೆಯುವವರು, ಒಬ್ಬ ಕವಿ ಪೂರ್ವಕವಿಸ್ತುತಿಯಲ್ಲಿ ಇನ್ನೊಬ್ಬನನ್ನು ಸ್ಮರಿಸದಿದ್ದ ಮಾತ್ರಕ್ಕೆ ಆ ಇನ್ನೊಬ್ಬನು ಅವನಿಗಿಂತ ಈಚಿನವನೆಂದು ನಿರ್ಣಯಿಸಿ ಎಷ್ಟು ಸಲ ಎಡವಿದ್ದಾರೆಂಬುದು ವಾಚಕರಿಗೆ ತಿಳಿದೇ ಇದೆ. ಸಾಲಮಾಂಡರುಗಳ ವಿಷಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹಲ್ಲಿಯ ಆಕಾರದ ಈ ಉಭಯಚರಗಳಲ್ಲಿ ಕೆಲವು ಜಾತಿಗಳು ವರ್ಷದ ಬಹುಭಾಗವನ್ನು ನೆಲದೊಳಗೆ ಕಳೆದು, ಹಿಮ ಕರಗಿದ ಮೇಲೆ ಬೀಳುವ ಮೊದಲ ಬೆಚ್ಚನೆಯ ಮಳೆಯ ಕೆಲವು ರಾತ್ರಿಗಳಲ್ಲಿ ಮಾತ್ರ ಕೊಳಗಳಿಗೆ ನಡೆದು ಹೋಗುವುವು. ಆ ರಾತ್ರಿಗಳಲ್ಲಿ ಲಾಂದ್ರ ಹಿಡಿದು ಹೊರಡದವನ ಪಟ್ಟಿಯಲ್ಲಿ ಅವು ಇಲ್ಲದೆಹೋದರೆ ಆಶ್ಚರ್ಯವಿಲ್ಲ.

ಪಟ್ಟಿ ಅಚ್ಚಾದ ಮರುವರ್ಷವೇ, ಅಂದರೆ ೧೮೫೬ರಲ್ಲಿ, ಕೆನಿಕಟ್ಟನು ಫಿಲಡೆಲ್ಫಿಯದ ಪ್ರಕೃತಿವಿಜ್ಞಾನ ಪರಿಷತ್ತಿನ ಕಾರ್ಯಕಲಾಪಗಳಲ್ಲಿ ಎರಡು ಪುಟಗಳ ಲೇಖನವೊಂದನ್ನು ಪ್ರಕಟಿಸಿ, ಹೊಸದೊಂದು ಹಾವನ್ನು ವಿದ್ವಲ್ಲೋಕಕ್ಕೆ ಪರಿಚಯ ಮಾಡಿಕೊಟ್ಟನು. ಅದಕ್ಕೆ ತನ್ನ ಗುರುವಿನ ಹೆಸರಿನಿಂದ ‘ರೆಜೀನ ಕರ್ಟ್‌ಲೆಂಡಿಯೈ’ ಎಂದು ನಾಮಕರಣವಾಯಿತು. ಒಂದೂವರೆ ಅಡಿ ಮೀರುವುದು ಅಪರೂಪವಾದ ಸಣ್ಣ ಹಾವು, ವಿಷವಿಲ್ಲ, ಹೊಟ್ಟೆ ಕೆಂಪು, ಅದರ ಎರಡು ಅಂಚುಗಳಲ್ಲಿ ಕಪ್ಪು ಚುಕ್ಕೆಗಳ ಸಾಲು. ಬೆದರಿಸಿದರೆ ಮೈಯನ್ನು ಚಪ್ಪಟೆ ಮಾಡಿಕೊಂಡು ಪಟ್ಟಿಯಂತೆ ನೆಲಕ್ಕೆ ಅಂಟಿಕೊಳ್ಳುವುದು. ಎರೆಹುಳುಗಳೂ ಗೊಂಡೆಹುಳುಗಳೂ ಆಹಾರ. ಒದ್ದೆ ಹುಲ್ಲುಗಾವಲಿನಲ್ಲಿ ಕ್ರೇಫಿಷ್ ಎಂಬ, ಸೀಗಡಿಯನ್ನು ಹೋಲುವ ಸಿಹಿನೀರಿನ ಪ್ರಾಣಿ ತೋಡಿದ ಬಿಲಗಳೇ ಅದಕ್ಕೆ ಆಶ್ರಯ. ಇಷ್ಟು ಗೋಪ್ಯವಾಗಿ ಬಾಳುವ ಹಾವು ಪರವೂರಿನಿಂದ ಬಂದ ಸಂಗ್ರಾಹಕನ ಕಣ್ಣಿಗೆ ಬೀಳುವುದು ಕಷ್ಟ. ಆ ಬಯಲಿನಲ್ಲಿ ಹುಡುಗನಾಗಿ ಆಡಿದವನ ಕಣ್ಣಿಗೆ ಬಿದ್ದುದರಲ್ಲಿ ಸ್ಥಳೀಯ ದಾಖಲೆಯ ಪ್ರಯೋಜನ ಸ್ಪಷ್ಟವಾಗಿದೆ. ಹಾವಿನ ಹೆಸರಿನ ಮೊದಲ ಭಾಗ ಮಾತ್ರ ಸ್ಥಿರವಾಗಿ ನಿಲ್ಲಲಿಲ್ಲ. ೧೮೮೮ರಲ್ಲಿ ಎಡ್ವರ್ಡ್ ಕೋಪನು ಅದನ್ನು ‘ಕ್ಲೋನೋಫಿಸ್’ ಎಂಬ ಬೇರೆ ಕುಲದಲ್ಲಿಟ್ಟನು. ೧೯೪೩ರಲ್ಲಿ ಅದನ್ನು ವಿಸ್ತಾರವಾಗಿ ಪರಿಶೀಲಿಸಿದ ರೋಜರ್ ಕಾನಂಟನು ‘ನೇಟ್ರಿಕ್ಸ್’ ಎಂದು ಬರೆದನು. ೧೯೬೩ರ ಮೇಲೆ ಮರಳಿ ಕ್ಲೋನೋಫಿಸ್ ಆಯಿತು. ಗುರುವಿನ ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಕೆನಿಕಟ್ಟನ ಪಟ್ಟಿಗೆ ಬೆನ್ನೆಲುಬಾಗಿ ಇದ್ದುವು ಅವನು ಹಿಡಿದು ಕಾಪಾಡಿದ ಮಾದರಿಗಳು. ವಾಷಿಂಗ್‌ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಹಾಯಕ ಕಾರ್ಯದರ್ಶಿ ಸ್ಪೆನ್ಸರ್ ಬೇರ್ಡನು ದೇಶದ ಮೂಲೆಮೂಲೆಗಳಲ್ಲಿದ್ದ ಆಸಕ್ತರಿಗೆ ಕಾಗದ ಬರೆದು, ಪ್ರಾಣಿಗಳನ್ನು ಸಂಗ್ರಹಿಸುವ, ಕೆಡದಂತೆ ಇಡುವ, ಸಾಗಿಸುವ ಕ್ರಮವನ್ನು ತಿಳಿಸುವ ಸೂಚನಾಪತ್ರಗಳನ್ನು ಅಚ್ಚುಹಾಕಿಸಿ ಹಂಚುತ್ತಿದ್ದನು. ಹಾವು ಕಪ್ಪೆಗಳನ್ನು ಮದ್ಯಸಾರದಲ್ಲಿ ಮುಳುಗಿಸಿ, ಸ್ಥಳ ಕಾಲಗಳನ್ನು ಚೀಟಿಯಲ್ಲಿ ಬರೆದು ಕಟ್ಟಿ, ಪೀಪಾಯಿಯಲ್ಲಿ ತುಂಬಿ ರವಾನಿಸುವುದು ಆ ಕ್ರಮ. ಕೆನಿಕಟ್ಟನು ೧೮೫೩ರಿಂದಲೇ ಬೇರ್ಡನ ಈ ಬಳಗಕ್ಕೆ ಸೇರಿದನು. ಚೀಟಿಯಿಲ್ಲದ ಸೀಸೆ ಬರಿಯ ಹೆಣ. ಚೀಟಿಯಿದ್ದರೆ ಅದು ಶಾಸನ. ಬರೆದವನು ತಪ್ಪಾಗಿ ಗುರುತಿಸಿದ್ದರೂ ಮಾದರಿ ಉಳಿದಿದ್ದರೆ ನೂರು ವರ್ಷಗಳ ಮೇಲೆ ಬಂದವನು ಸೀಸೆಯ ಮುಚ್ಚಳ ತೆಗೆದು ಹುರುಪೆಗಳನ್ನೆಣಿಸಿ ತಪ್ಪನ್ನು ತಿದ್ದಬಹುದು. ಮಾದರಿಯಿಲ್ಲದ ಹೆಸರು, ಮೂಲಪ್ರತಿ ನಷ್ಟವಾಗಿ ಒಂದೇ ಒಂದು ನಕಲಿನಲ್ಲಿ ಉಳಿದ ಪದ್ಯದಂತೆ. ಅದನ್ನು ಒಪ್ಪಬೇಕು ಇಲ್ಲವೆ ಬಿಡಬೇಕು, ತಿದ್ದಲಾಗದು.

ಷಿಕಾಗೋದಲ್ಲಿಯೇ ಇಂತಹ ಭಂಡಾರವಿರಬೇಕೆಂದು ಕೆನಿಕಟ್ಟನೂ ಅವನ ಮಿತ್ರರೂ ೧೮೫೭ರಲ್ಲಿ ವಿಜ್ಞಾನ ಪರಿಷತ್ತೊಂದನ್ನು ಸ್ಥಾಪಿಸಿದರು. ಅನಂತರ ಅವನ ಜೀವನ ಬೇರೆ ದಿಕ್ಕಿಗೆ ತಿರುಗಿತು. ವಾಷಿಂಗ್‌ಟನ್ನಿನಲ್ಲಿ ಕೆಲಕಾಲ ಸರ್ಪಗಳ ಅಧ್ಯಯನದಲ್ಲಿದ್ದು ನೈರುತ್ಯ ಮರುಭೂಮಿಯ ಕೆಲವು ಹಾವುಗಳಿಗೆ ಹೆಸರಿಟ್ಟನು. ೧೮೫೯ರಿಂದ ೧೮೬೨ರವರೆಗೆ ಉತ್ತರದ ಹಿಮಪ್ರದೇಶದಲ್ಲಿ ಸಂಗ್ರಹಕ್ಕಾಗಿ ತಿರುಗಿದನು. ಹಿಂದಿರುಗಿ ಷಿಕಾಗೋ ಪರಿಷತ್ತಿನ ಸಂಗ್ರಹದ ಹೊಣೆಯನ್ನು ವಹಿಸಿದನು. ೧೮೬೫ರಲ್ಲಿ ತಂತಿ ಹಾಕುವ ಕಂಪೆನಿಯೊಂದರ ಪರಿಶೋಧಕ ದಂಡಿನೊಡನೆ ಆಗ ರಷ್ಯಕ್ಕೆ ಸೇರಿದ್ದ ಅಲಾಸ್ಕಕ್ಕೆ ಹೋದನು. ೧೮೬೬ರ ಮೇ ೧೩ರಂದು ಯೂಕಾನ್ ನದಿಯ ದಡದ ನುಲಾಟೊ ಎಂಬಲ್ಲಿ ಅವನ ಶವ ದೊರೆಯಿತು. ವಯಸ್ಸು ಮೂವತ್ತು. ಸಂಗ್ರಾಹಕರು ಪ್ರಾಣಿಗಳನ್ನು ಕೊಲ್ಲಲು ಒಯ್ಯುತ್ತಿದ್ದ ಸ್ಟ್ರಿಕ್‌ನೈನ್ ವಿಷವನ್ನು ತಾನೇ ಸೇವಿಸಿದನೆಂಬ ಮಾತು ಬಹುಕಾಲ ಹರಡಿದ್ದಿತು. ೨೦೦೧ರಲ್ಲಿ ಸ್ಮಿತ್ಸೋನಿಯನ್ನಿನ ತಜ್ಞರು ಅವನ ಅವಶೇಷಗಳನ್ನು ಪರೀಕ್ಷಿಸಿ, ಸಾವು ಹೃದಯದ ದೋಷದಿಂದ ಸಹಜವಾಗಿ ಬಂದುದೆಂದು ಅಭಿಪ್ರಾಯಪಟ್ಟರು. ಸಂಗ್ರಾಹಕನ ಅಸ್ಥಿಗಳು ಈಗ ಅದೇ ಸಂಸ್ಥೆಯ ಸಂಗ್ರಹದಲ್ಲಿವೆ. ಊರಿನ ಮಾತಿಗಿಂತ ಮಾದರಿಯ ಸಾಕ್ಷ್ಯ ಹೆಚ್ಚಿನದೆಂಬ ಅವನ ಶಾಸ್ತ್ರದ ನಿಯಮ ಹೀಗೆ ಅವನ ವಿಷಯದಲ್ಲಿಯೂ ಸಲ್ಲಬೇಕಾಗಿ ಬಂದುದು ವಿಚಿತ್ರ.

ಷಿಕಾಗೋ ಪರಿಷತ್ತಿನ ಭಂಡಾರದ ಗತಿ ಇನ್ನೂ ಶೋಚನೀಯ. ಕೆನಿಕಟ್ಟನು ತೀರಿಕೊಂಡ ಮರುತಿಂಗಳೇ, ಆ ಸುದ್ದಿ ಊರಿಗೆ ಮುಟ್ಟುವ ಮುನ್ನವೇ, ಬೆಂಕಿಯೊಂದು ಎದ್ದು ಸಂಗ್ರಹದ ಸ್ವಲ್ಪ ಭಾಗವನ್ನು ನಾಶಮಾಡಿತು. ಪರಿಷತ್ತಿನವರು ಬುದ್ಧಿ ಕಲಿತು, ಬೆಂಕಿ ತಾಗದೆಂದು ನಂಬಿದ ಹೊಸ ಕಟ್ಟಡವನ್ನು ಕಟ್ಟಿದರು. ಕೆನಿಕಟ್ಟನ ಸ್ಥಾನಕ್ಕೆ ಬಂದ ವಿಲಿಯಂ ಸ್ಟಿಂಪ್ಸನ್ನನು ಅದರಲ್ಲಿ ತನ್ನ ಜೀವಮಾನದ ಸಮುದ್ರಪ್ರಾಣಿಗಳ ಸಂಗ್ರಹವನ್ನೂ ಹಸ್ತಪ್ರತಿಗಳನ್ನೂ ಇರಿಸಿದನು. ೧೮೭೧ರ ಅಕ್ಟೋಬರಿನ ಷಿಕಾಗೋ ಮಹಾದಹನದಲ್ಲಿ ಆ ಕಟ್ಟಡವೂ ಒಳಗಿದ್ದುದೆಲ್ಲವೂ ಭಸ್ಮವಾಯಿತು. ಕ್ಷಯರೋಗಿಯಾಗಿದ್ದ ಸ್ಟಿಂಪ್ಸನ್ನನು ಮರುವರ್ಷ ಮೇ ತಿಂಗಳಲ್ಲಿ ಕಾಲವಾದನು. ಆ ಬಯಲಿನ ಪ್ರಾಣಿಸಂಪತ್ತಿಗೆ ಇದ್ದ ಮೂಲಸಾಕ್ಷ್ಯದಲ್ಲಿ ವಾಷಿಂಗ್‌ಟನ್ ಮೊದಲಾದ ಬೇರೆ ಊರುಗಳಿಗೆ ಹೋಗಿದ್ದ ಸೀಸೆಗಳಷ್ಟೇ ಉಳಿದುವು. ಮಿಕ್ಕುದಕ್ಕೆ ಅಚ್ಚಾದ ಅಕ್ಷರವೇ ಗತಿ.

ಆ ಅಕ್ಷರವಾದರೂ ಏನು ಹೇಳುತ್ತದೆ? ಹಳೆಯ ಪ್ರಾಣಿಪಟ್ಟಿಗಳಲ್ಲಿ ‘ಸಾಮಾನ್ಯ’, ‘ವಿರಳ’, ‘ಹೇರಳ’ ಎಂಬ ಕೆಲವೇ ಪದಗಳು ಸಂಖ್ಯೆಯ ಕೆಲಸವನ್ನು ಮಾಡುತ್ತವೆ. ಒಬ್ಬನ ‘ಸಾಮಾನ್ಯ’ ಇನ್ನೊಬ್ಬನ ‘ಸಾಮಾನ್ಯ’ಕ್ಕೆ ಸಮವೇ? ವಸಂತದಲ್ಲಿ ಜೌಗಿನಲ್ಲಿ ಅಡ್ಡಾಡುವವನಿಗೆ ಸಾವಿರಾರು ಕಪ್ಪೆಗಳು ಕಿವಿಗೆ ಬೀಳುವುವು. ಶರತ್ಕಾಲದಲ್ಲಿ ಬಂದವನಿಗೆ ಒಂದೂ ಕೇಳಿಸದು. ಸ್ವಭಾವತಃ ಒಂಟಿಯಾಗಿ, ಬಿಲದಲ್ಲಿ ಬಾಳುವ ಹಾವು ವರ್ಷಕ್ಕೆ ಮೂರು ಸಲ ಕಂಡರೆ ಅದನ್ನ ಸಾಮಾನ್ಯವೆನ್ನಬೇಕೆ, ವಿರಳವೆನ್ನಬೇಕೆ? ಇಂದಿನವರು ಆ ಪದಗಳನ್ನು ಅಂಕಿಗಳನ್ನಾಗಿ ಪರಿವರ್ತಿಸಿ ಇಳಿಕೆಯ ಪ್ರಮಾಣವನ್ನು ಗುಣಿಸಹೊರಟರೆ ಅದು ಪಟ್ಟಿಯ ಮೇಲೆ ಹೊರಲಾರದ ಭಾರವನ್ನು ಹೊರಿಸಿದಂತೆ. ಆದರೆ ಒಂದೇ ಪಟ್ಟಿಯೊಳಗೆ ಒಬ್ಬನೇ ಬರೆದವನು ಒಂದನ್ನು ಹೇರಳವೆಂದೂ ಮತ್ತೊಂದನ್ನು ವಿರಳವೆಂದೂ ಹೇಳಿದ್ದರೆ ಆ ಎರಡರ ತಾರತಮ್ಯವನ್ನು ನಂಬಬಹುದು. ಬರೆದವನ ಕಣ್ಣು ಎರಡು ಕಡೆಗಳಲ್ಲಿಯೂ ಅದೇ.

ಹೆಸರುಗಳ ತೊಡಕು ಇದಕ್ಕಿಂತ ಆಳವಾದುದು. ಹತ್ತೊಂಬತ್ತನೆಯ ಶತಮಾನದ ಪಟ್ಟಿಯೊಂದರಲ್ಲಿ ‘ಹೈಲ ವರ್ಸಿಕಲರ್’ ಎಂಬ ಬೂದು ಬಣ್ಣದ ಮರಗಪ್ಪೆಯ ಹೆಸರಿದೆಯೆಂದಿಟ್ಟುಕೊಳ್ಳೋಣ. ಆ ಹೆಸರು ೧೮೨೫ರಿಂದ ಬಳಕೆಯಲ್ಲಿದ್ದಿತು. ೧೮೮೦ರಲ್ಲಿ ಕೋಪನು ಟೆಕ್ಸಸಿನ ಕಪ್ಪೆಯೊಂದಕ್ಕೆ ‘ಕ್ರೈಸೋಸಿಲಿಸ್’ ಎಂದು ಬೇರೆ ಹೆಸರಿಟ್ಟರೂ ಬಹುಕಾಲ ಅದನ್ನು ಮೊದಲನೆಯದರ ಒಂದು ಉಪಭೇದವೆಂದೇ ಎಣಿಸುತ್ತಿದ್ದರು. ೧೯೬೦ರ ದಶಕದಿಂದೀಚೆಗೆ ನಡೆದ ಪರಿಶೋಧನೆಗಳಿಂದ ಎರಡೂ ಪ್ರತ್ಯೇಕ ಜಾತಿಗಳೆಂದು ಸ್ಥಿರಪಟ್ಟಿತು. ಒಂದರ ಜೀವಕೋಶದಲ್ಲಿ ೨೪ ವರ್ಣತಂತುಗಳು, ಮತ್ತೊಂದರಲ್ಲಿ ೪೮. ಕಣ್ಣಿಗೆ ಎರಡೂ ಒಂದೇ. ಒಂದರ ಕೂಗು ನಿಧಾನವಾದ ಇಂಪಾದ ಕಂಪಿತಸ್ವರ, ಇನ್ನೊಂದರದು ಬೇಗಬೇಗನೆ ಮಿಡಿಯುವ ಒರಟು ಸ್ವರ. ಇಲಿನಾಯಿಯಲ್ಲಿ ಎರಡೂ ಇವೆ. ಹಾಗಾದರೆ ಹಳೆಯ ಪಟ್ಟಿಯ ಕಪ್ಪೆ ಯಾವುದು? ಬರೆದವನು ಆ ಕೂಗನ್ನು ಕೇಳಿದ್ದನು. ಅದರ ಭೇದವನ್ನು ಬರೆಯಬೇಕೆಂದು ಅವನಿಗೆ ತೋರಲು ಕಾರಣವಿರಲಿಲ್ಲ. ನೀಲಿ ಚುಕ್ಕೆಗಳ ಸಾಲಮಾಂಡರಿನ ವಿಷಯವೂ ಹೀಗೆಯೇ: ಅದರ ಗುಂಪನ್ನು ಥಾಮಸ್ ಉಜೆಲ್ಲನು ೧೯೬೪ರಲ್ಲಿ ಬಿಡಿಸಿ ತೋರಿಸುವ ತನಕ ಪಟ್ಟಿಗಾರರು ಅದನ್ನು ಬೇರೊಂದು ಜಾತಿಯ ಹೆಸರಿನ ಕೆಳಗೆ ಬರೆಯುತ್ತಿದ್ದರು. ಒಂದೇ ಹೆಸರಿನ ಇಬ್ಬರು ಕವಿಗಳ ಗ್ರಂಥಗಳನ್ನು ಒಬ್ಬನಿಗೆ ಆರೋಪಿಸಿದ ಸಂದರ್ಭಗಳಲ್ಲಿ ಭಾಷಾಪರೀಕ್ಷೆಯಿಂದ ಅವರನ್ನು ಬೇರ್ಪಡಿಸುವುದು ಸಾಧ್ಯ. ಇಲ್ಲಿ ಮಾದರಿಯೂ ಸುಟ್ಟು, ಕೂಗೂ ಗಾಳಿಯಲ್ಲಿ ಕರಗಿಹೋದ ಮೇಲೆ ಪರೀಕ್ಷೆಗೆ ಉಳಿದಿರುವುದೇನೂ ಇಲ್ಲ.

ಈ ನಡುವೆ ನೆಲವೇ ಬದಲಾಯಿತು. ಷಿಕಾಗೋದ ಜನಸಂಖ್ಯೆ ೧೮೫೦ರಲ್ಲಿ ಸುಮಾರು ೩೦,೦೦೦. ೧೮೭೦ರಲ್ಲಿ ಸುಮಾರು ೩,೦೦,೦೦೦. ೨೦೨೦ರ ಗಣತಿಯಲ್ಲಿ ಕುಕ್ ಕೌಂಟಿಯ ಜನಸಂಖ್ಯೆ ೫೨ ಲಕ್ಷವನ್ನು ಮೀರಿತು. ನಗರದ ಕೈ ಮುಟ್ಟದ ಕೌಂಟಿಗಳ ಕಥೆಯೂ ಭಿನ್ನವಲ್ಲ. ಪ್ರೇರಿಯ ಹುಲ್ಲಿನ ಬೇರು ಬಹಳ ಆಳವೂ ದಟ್ಟವೂ ಆದುದು. ಅದರ ಕಪ್ಪುಮಣ್ಣು ಎರಕದ ಕಬ್ಬಿಣದ ಗುಳಕ್ಕೆ ಅಂಟಿಕೊಳ್ಳುತ್ತಿದ್ದಿತು. ಜಾನ್ ಡೀರ್ ಎಂಬ ಕಮ್ಮಾರನು ೧೮೩೭ರಲ್ಲಿ ಇಲಿನಾಯಿಯ ಗ್ರ್ಯಾಂಡ್ ಡಿಟೂರ್ ಎಂಬಲ್ಲಿ ನಯವಾದ ಉಕ್ಕಿನ ನೇಗಿಲನ್ನು ಮಾಡಿದ ಮೇಲೆ ಆ ತಡೆ ತೊಲಗಿತು. ಜೌಗುಗಳಿಗೆ ಹಂಚಿನ ಮಣ್ಣಿನ ಕೊಳವೆಗಳೇ ಮೃತ್ಯುವಾದುವು. ೧೮೭೦ರ ದಶಕದಿಂದ ಮುಂದಕ್ಕೆ ಒಕ್ಕಲಿಗರು ಹೊಲಗಳ ಕೆಳಗೆ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿ ನೀರನ್ನು ಹಳ್ಳಗಳಿಗೆ ಹರಿಯಿಸಿದರು; ಸಂಸ್ಥಾನವೂ ಅದಕ್ಕೆ ಅನುಕೂಲವಾದ ಕಾಯಿದೆಗಳನ್ನು ಮಾಡಿತು. ಸುಮಾರು ೨ ಕೋಟಿ ೨೦ ಲಕ್ಷ ಎಕರೆ ಇದ್ದ ಇಲಿನಾಯಿಯ ಪ್ರೇರಿಯಲ್ಲಿ ಕೆಡದೆ ಉಳಿದುದು ಸುಮಾರು ೨,೩೦೦ ಎಕರೆಯೆಂದು ೧೯೭೮ರಲ್ಲಿ ಮುಗಿದ ಪರಿಶೀಲನೆಯಿಂದ ಗೊತ್ತಾಯಿತು. ಉಳಿದುದರಲ್ಲಿ ಬಹುಪಾಲು ನೇಗಿಲು ತಾಗದ ಹಳೆಯ ಸ್ಮಶಾನಗಳ, ರೈಲುದಾರಿಯ ಅಂಚುಗಳ ತುಂಡುನೆಲ.

ಪಟ್ಟಿಯ ಕೆಲಸವನ್ನು ಮುಂದುವರಿಸಿದವರಿಗೆ ಕೊರತೆಯಾಗಲಿಲ್ಲ. ಡೇವಿಸ್ ಮತ್ತು ರೈಸರು ೧೮೮೩ರಲ್ಲಿಯೂ ಗಾರ್ಮನನು ೧೮೯೨ರಲ್ಲಿಯೂ ಇಲಿನಾಯಿಗೆಲ್ಲ ಅನ್ವಯಿಸುವ ಪಟ್ಟಿಗಳನ್ನು ಪ್ರಕಟಿಸಿದರು. ಬ್ಲಾಚ್ಲಿಯೆಂಬ ಪ್ರೌಢಶಾಲೆಯ ಉಪಾಧ್ಯಾಯನು ನೆರೆಯ ಇಂಡಿಯಾನದ ವೈಗೊ ಕೌಂಟಿಯ ಉಭಯಚರ ಸರೀಸೃಪಗಳನ್ನು ಕುರಿತು ೧೮೯೧ರಲ್ಲಿ ಬರೆದನು. ಷಿಕಾಗೋ ಸೀಮೆಯ ಹಾವು ಕಪ್ಪೆಗಳನ್ನು ೧೯೩೫ರಲ್ಲಿ ಕ್ರಮವಾಗಿ ಪರಿಶೀಲಿಸಿದವರು ಕಾರ್ಲ್ ಷ್ಮಿಟ್ ಮತ್ತು ವಾಲ್ಟರ್ ನೆಕರ್. ಅದು ಬೂದಿಯಿಂದ ಮರಳಿ ಎದ್ದ ಅದೇ ಷಿಕಾಗೋ ಪರಿಷತ್ತಿನ ಪತ್ರಿಕೆಯಲ್ಲಿ ಅಚ್ಚಾಯಿತು. ಷ್ಮಿಟ್ಟನ ಹೆಸರು ಬಂದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ೧೯೫೭ರ ಸೆಪ್ಟೆಂಬರಿನಲ್ಲಿ ಗುರುತಿಸುವುದಕ್ಕಾಗಿ ತನ್ನ ಬಳಿಗೆ ಬಂದ ಆಫ್ರಿಕದ ಬೂಮ್‌ಸ್ಲಾಂಗ್ ಎಂಬ ಹಾವು ಅವನ ಬೆರಳನ್ನು ಕಚ್ಚಿತು. ಮರುದಿನ ಪ್ರಾಣಬಿಡುವ ಮೊದಲು ಅವನು ತನ್ನ ಜ್ವರ, ವಾಂತಿ, ರಕ್ತಸ್ರಾವಗಳನ್ನು ವೇಳೆ ಸಹಿತವಾಗಿ ಬರೆದಿಟ್ಟನು. ಅದು ಇಂದಿಗೂ ವೈದ್ಯರು ಓದುವ ದಾಖಲೆ. ೧೯೬೧ರಲ್ಲಿ ಫಿಲಿಪ್ ಸ್ಮಿತ್ತನು ಇಲಿನಾಯಿಯ ಉಭಯಚರ ಸರೀಸೃಪಗಳ ಮಹಾಗ್ರಂಥದಲ್ಲಿ ಪ್ರತಿಯೊಂದು ಜಾತಿಯ ದಾಖಲೆಗಳನ್ನೂ ಚುಕ್ಕೆಗಳಾಗಿ ನಕ್ಷೆಯ ಮೇಲಿಟ್ಟನು. ಇಂತಹ ನಕ್ಷೆಗಳಲ್ಲಿ ಬರೆದವನು ಸ್ವತಃ ಪರೀಕ್ಷಿಸಿದ ಮಾದರಿಗೂ ಹಿಂದಿನವರ ಬರಹದ ಆಧಾರಕ್ಕೂ ಬೇರೆ ಬೇರೆ ಗುರುತುಗಳನ್ನು ಕೊಡುವುದು ಉತ್ತಮ ವಾಡಿಕೆ. ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಸಂಪಾದಕನ ಮರ್ಯಾದೆಯೇ ಇದು.

ಕೂಗನ್ನು ದಾಖಲಿಸುವ ಕ್ರಮ ಬಂದುದು ಬಹು ತಡವಾಗಿ. ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ೧೯೮೦ರ ದಶಕದ ಆರಂಭದಿಂದ ಊರವರೇ ಗೊತ್ತಾದ ದಾರಿಯಲ್ಲಿ ರಾತ್ರಿಯ ವೇಳೆ ಹತ್ತು ಕಡೆ ಗಾಡಿ ನಿಲ್ಲಿಸಿ, ಒಂದೊಂದು ಕಡೆಯಲ್ಲಿಯೂ ಐದು ನಿಮಿಷ ಕಿವಿಗೊಟ್ಟು, ಕೇಳಿದುದಕ್ಕೆ ಒಂದರಿಂದ ಮೂರರವರೆಗೆ ಅಂಕ ಕೊಡುವರು: ಕೂಗುಗಳನ್ನು ಬಿಡಿಬಿಡಿಯಾಗಿ ಎಣಿಸಬಹುದಾದರೆ ಒಂದು, ಒಂದರ ಮೇಲೊಂದು ಬಿದ್ದರೂ ಬೇರ್ಪಡಿಸಬಹುದಾದರೆ ಎರಡು, ಎಡೆಬಿಡದ ಮೇಳವಾದರೆ ಮೂರು. ಕೆನಿಕಟ್ಟನ ಕಾಲದ ‘ಹೇರಳ’ ಪದಕ್ಕೆ ಇಲ್ಲಿ ಕಟ್ಟುಪಾಡು ಬಂದಿದೆ. ಇಂತಹ ಕಟ್ಟುಪಾಡಿನ ಬೆಲೆ ೧೯೯೫ರಲ್ಲಿ ಮಿನೆಸೋಟದ ಹೆಂಡರ್ಸನ್ ಎಂಬ ಸಣ್ಣ ಊರಿನ ಬಳಿ ಪ್ರಕಟವಾಯಿತು. ಶಾಲೆಯ ಮಕ್ಕಳು ಉಪಾಧ್ಯಾಯಿನಿಯೊಡನೆ ಹೊಲದ ಕೊಳವೊಂದಕ್ಕೆ ಹೋಗಿ ಚುಕ್ಕೆಗಪ್ಪೆಗಳನ್ನು ಹಿಡಿದಾಗ ಅವುಗಳಲ್ಲಿ ಬಹಳ ಕಪ್ಪೆಗಳಿಗೆ ಕಾಲುಗಳು ಕೊರತೆಯಾಗಿಯೋ ವಿಕಾರವಾಗಿಯೋ ಇದ್ದುವು. ದೇಶವೆಲ್ಲ ಕಳವಳಗೊಂಡಿತು. ಕಾರಣಗಳಲ್ಲಿ ಒಂದು, ಕಾಲು ಮೂಡುವ ಎಡೆಯಲ್ಲಿ ನೆಲಸುವ ಪರೋಪಜೀವಿ ಹುಳುವೆಂದು ೧೯೯೯ರಲ್ಲಿ ಪ್ರಯೋಗದಿಂದ ಗೊತ್ತಾಯಿತು. ಆದರೆ ವಿಕಾರ ಹಿಂದೆಯೂ ಇದ್ದಿತೇ, ಈಗ ಹೆಚ್ಚಿತೇ ಎಂಬ ಪ್ರಶ್ನೆಗೆ ಪ್ರಯೋಗ ಉತ್ತರ ಕೊಡಲಾರದು. ಅದಕ್ಕಾಗಿ ವಿದ್ವಾಂಸರು ದಶಕಗಳ ಹಿಂದೆ ಯಾರೋ ಹಿಡಿದು ಸೀಸೆಯಲ್ಲಿಟ್ಟಿದ್ದ ಮಿನೆಸೋಟದ ಕಪ್ಪೆಗಳನ್ನು ತೆಗೆದು, ಒಂದೊಂದರ ಕಾಲನ್ನೂ ನೋಡಬೇಕಾಯಿತು. ಹಳೆಯ ಸೀಸೆಗಳಲ್ಲಿಯೂ ವಿಕಾರವಿದ್ದಿತು, ಆದರೆ ಕಡಮೆ.

ಕೆನಿಕಟ್ಟನ ತೋಪು ನಗರದ ಬೆಳವಣಿಗೆಯ ನಡುವೆಯೂ ಉಳಿದಿದೆ. ೧೯೩೮ರಲ್ಲಿ ಡೊನಾಲ್ಡ್ ಕಲ್ರಾಸ್ ಪೀಟಿಯೆಂಬ ಲೇಖಕನು ಅದನ್ನೇ ವಸ್ತುವಾಗಿಟ್ಟುಕೊಂಡು ಗ್ರಂಥವೊಂದನ್ನು ರಚಿಸಿದನು. ೧೯೭೦ರ ದಶಕದಲ್ಲಿ ಅದು ನಿವೇಶನಗಳಾಗಿ ಮಾರಾಟವಾಗುವುದರಲ್ಲಿದ್ದಾಗ ನೆರೆಯ ಮಹಿಳೆಯರು ಗುಂಪುಗೂಡಿ ಹೋರಾಡಿ ಬಿಡಿಸಿಕೊಂಡರು. ಕಪ್ಪೆಗಳ, ಜರೀಗಿಡಗಳ ಹೆಂಗಸರೆಂದು ಅವರಿಗೆ ಹೆಸರು ಬಿದ್ದಿತು. ೧೯೭೬ರಲ್ಲಿ ಸ್ಥಳಕ್ಕೆ ರಾಷ್ಟ್ರೀಯ ಸ್ಮಾರಕದ ಪದವಿ ದೊರೆಯಿತು. ಅವನು ಹೆಸರಿಟ್ಟ ಹಾವಿನ ಪಾಡು ಬೇರೆ. ಒದ್ದೆ ಹುಲ್ಲುಗಾವಲುಗಳು ಬತ್ತಿದ ಮೇಲೆ ಅದು ಹಲವು ಕಡೆ ಪಟ್ಟಣಗಳ ಅಂಚಿನ ಖಾಲಿ ನಿವೇಶನಗಳಲ್ಲಿ, ಬಿಸಾಡಿದ ಹಲಗೆ ಇಟ್ಟಿಗೆಗಳ ಕೆಳಗೆ, ಒಂದು ಬೀದಿಯಿಂದ ಇನ್ನೊಂದು ಬೀದಿಗೆ ದಾಟಲಾರದೆ ಬಾಳುತ್ತಿರುವುದು ಕಂಡುಬಂದಿದೆ. ನಿವೇಶನವನ್ನು ಯಾರೋ ಚೊಕ್ಕಟ ಮಾಡಿದ ದಿನ ಆ ದಾಖಲೆ ಮುಗಿಯುವುದು.

ಮ್ಯಾಸಸಾಗ ಹಾವು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಡೆಸ್ ಪ್ಲೇನ್ಸ್ ನದಿಯ ಕಣಿವೆಯ ಕಾಡುಗಳಲ್ಲಿ ಅಷ್ಟಿಷ್ಟು ಇದ್ದಿತು. ಇಲಿನಾಯಿಯಲ್ಲಿ ಅದಕ್ಕೆ ಈಗಿರುವ ಮುಖ್ಯವಾದ ನೆಲೆ ದಕ್ಷಿಣದ ಕಾರ್ಲೈಲ್ ಸರೋವರದ ಸುತ್ತಣ ಪ್ರದೇಶ. ೨೦೧೬ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಅಪಾಯಕ್ಕೆ ಗುರಿಯಾದ ಪ್ರಾಣಿಗಳ ಸಾಲಿಗೆ ಸೇರಿಸಿತು. ಆ ಸಂದರ್ಭದಲ್ಲಿ ಅಧಿಕಾರಿಗಳು ಮಾಡಿದುದು ಹಳೆಯ ಪಟ್ಟಿಗಳನ್ನೂ ಸೀಸೆಗಳನ್ನೂ ಅವುಗಳ ಚೀಟಿಗಳನ್ನೂ ಒಟ್ಟುಗೂಡಿಸಿ, ಈ ಹಾವು ಎಂದಾದರೂ ಇದ್ದ ನೆಲೆಗಳನ್ನು ಒಂದೊಂದಾಗಿ ಎಣಿಸುವ ಕೆಲಸ. ದಾಖಲೆಯಿದ್ದ ನೆಲೆಗಳು ಒಟ್ಟು ೫೫೮. ಅವುಗಳಲ್ಲಿ ೨೬೩ ಕಡೆ ಹಾವು ಉಳಿದಿದೆಯೆಂದೂ, ೨೧೧ ಕಡೆ ಅಳಿದುಹೋಗಿದೆ ಅಥವಾ ಅಳಿದಿರಬೇಕೆಂದೂ ಅವರು ನಿರ್ಣಯಿಸಿದರು. ಉಳಿದ ೮೪ ನೆಲೆಗಳ ಎದುರಿಗೆ ತಿಳಿಯದು ಎಂದು ಬರೆದರು.